ಕಾಲು ತಣ್ಣಗಾದರೆ ಇಂಗ್ಲಿಷಿನಲ್ಲಿ ಏನರ್ಥ?



ಈ ಸಲದ ಗೋಡೆ ಪತ್ರಿಕೆಗೆ ನಾನು ಇಂಗ್ಲಿಷಿನ ಚಳಿಗಾಲದ ನುಡಿಗಟ್ಟುಗಳ ಬಗ್ಗೆ ಬರೆದಿದ್ದೇನೆ. ಇಂಗ್ಲಿಷ್ ಅಂದ ತಕ್ಷಣ ಪಕ್ಕದ ಚಿತ್ರ ನೋಡೋಕೆ ಹೋಗಬೇಡಿ. ದಯವಿಟ್ಟು ಕೊನೆಯವರೆಗೂ ಓದಿ. ಇದನ್ನು ಬರೆಯಲು ಒಂದು ಕಾರಣ ಇದೆ.

ನಮ್ಮ ಅಕ್ಕ ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈ ವರ್ಷ ಪಟ್ಟಣದ ಹಾಸ್ಟೆಲಿನಲ್ಲಿದ್ದುಕೊಂಡು ಪಿಯುಸಿ ಸೈನ್ಸ್ ಓದುತ್ತಿದ್ದಾಳೆ. ಅಲ್ಲಿ ಪಾಠವೆಲ್ಲಾ ಇಂಗ್ಲಿಷಿನಲ್ಲಿ. ಒಂದು ದಿನ ಲೆಕ್ಚರರು ಅವಳನ್ನು ಬೋರ್ಡಿನ ಹತ್ತಿರ ಕರೆದು ಲೆಕ್ಕ ಬಿಡಿಸು ಅಂದರಂತೆ. ಅಕ್ಕ ಹೆದರಿ ನಿಂತೇ ಇದ್ದಳು. ಆಗ ಅವರು "ಡೋಂಟ್ ಗೆಟ್ ಕೋಲ್ಡ್ ಫೀಟ್" ಅಂದರು. ಕೋಲ್ಡ್ ಅಂದರೆ ತಣ್ಣಗೆ, ಫೀಟ್ ಅಂದರೆ ಪಾದ. ಅಕ್ಕ ತನ್ನ ಕಾಲು ನೋಡಿಕೊಂಡು "ನೋ ಸಾರ್, ಚಪ್ಪಲಿ ಹಾಕಿದ್ದೀನಿ" ಅಂದುಬಿಟ್ಟಳು. ಇಡೀ ಕ್ಲಾಸು ಗೊಳ್ ಅಂತ ನಕ್ಕಿತು.

ಶನಿವಾರ ಮನೆಗೆ ಬಂದವಳು ಊಟಾನೂ ಮಾಡದೆ ಅತ್ತಳು. "ನಾನಿನ್ನು ಕಾಲೇಜಿಗೆ ಹೋಗಲ್ಲ" ಅಂದಳು. ಅಪ್ಪ ಏನೂ ಮಾತಾಡದೆ ಎದ್ದು ಕೊಟ್ಟಿಗೆ ಕಡೆ ಹೋದರು. ನನಗೆ ತುಂಬಾ ಬೇಜಾರಾಯಿತು. ಮುಂದೆ ನನಗೂ ಹೀಗೇ ಆಗುತ್ತಲ್ಲ ಅಂತ ಭಯಾನೂ ಆಯಿತು.

ನಮ್ಮ ಇಂಗ್ಲಿಷ್ ಮೇಷ್ಟ್ರು ಊರಲ್ಲೇ ಇರುತ್ತಾರೆ. ಭಾನುವಾರ ಬೆಳಿಗ್ಗೆ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ವಿಷಯ ಕೇಳಿ ಮೇಷ್ಟ್ರು ಹೇಳಿದರು: "ಅವನು ನನಗೆ ಟೋಪಿ ಹಾಕಿದ ಅಂತ ಯಾರಾದರೂ ಅಂದರೆ ಅವರ ತಲೆ ನೋಡ್ತೀಯಾ? ಮೋಸ ಹೋಗಿದ್ದಾರೆ ಅಂತ ತಿಳ್ಕೋತೀಯ ತಾನೇ? ಇದೂ ಹಾಗೇ. ನುಡಿಗಟ್ಟನ್ನು ಒಂದೊಂದೇ ಪದ ಬಿಡಿಸಿ ಅರ್ಥ ಮಾಡಬಾರದು. ಅದು ಎಂಥಾ ಊರಲ್ಲಿ ಹುಟ್ಟಿತು ಅಂತ ನೋಡಬೇಕು."

ಇಂಗ್ಲಿಷ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ಅದು ಚಳಿ ದೇಶ. ಡಿಸೆಂಬರ್ ಕೊನೆಯಲ್ಲಿ ಲಂಡನ್ ನಗರದಲ್ಲಿ ಹಗಲು 8 ಗಂಟೆಗಿಂತಲೂ ಕಡಿಮೆ. ಅದೇ ಸಮಯದಲ್ಲಿ ನಮ್ಮಲ್ಲಿ 11 ಗಂಟೆಗಿಂತ ಹೆಚ್ಚು ಹಗಲಿರುತ್ತದೆ. ಹಿಂದಿನ ಕಾಲದಲ್ಲಿ ಲಂಡನ್ನಿನ ಥೇಮ್ಸ್ ನದಿಯೇ ಕೆಲವು ವರ್ಷ ಹೆಪ್ಪುಗಟ್ಟುತ್ತಿತ್ತು. ಜನ ನದಿಯ ಮೇಲೆ ಅಂಗಡಿ ಹಾಕಿ ಜಾತ್ರೆ ಮಾಡುತ್ತಿದ್ದರು! ಅಂಥ ಕೊನೆಯ ಜಾತ್ರೆ ನಡೆದದ್ದು 1814ರಲ್ಲಿ. ಆಮೇಲೆ ನೀರಿಗೆ ಅಡ್ಡವಾಗಿದ್ದ ಹಳೇ ಸೇತುವೆ ಕೆಡವಿದ್ದರಿಂದ ನದಿ ಜೋರಾಗಿ ಹರಿಯತೊಡಗಿತು, ಹವೆಯೂ ಸ್ವಲ್ಪ ಬೆಚ್ಚಗಾಯಿತು. ಇಂಥ ಚಳಿಯಲ್ಲಿ ಬದುಕಿದವರ ಮಾತಿನಲ್ಲಿ ಮಂಜು, ಹಿಮ ಬರದೆ ಇರುತ್ತದೆಯೇ? ಮೇಷ್ಟ್ರು ಬರೆಸಿದ್ದು ಇಷ್ಟು:

1. ಕೋಲ್ಡ್ ಫೀಟ್: ಒಂದು ಕೆಲಸಕ್ಕೆ ಹೊರಟು ಕೊನೆ ಗಳಿಗೆಯಲ್ಲಿ ಧೈರ್ಯ ಕಳೆದುಕೊಳ್ಳುವುದು. ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟು, ಹೆಸರು ಕರೆದಾಗ ಹಿಂದಿನ ಬೆಂಚಿಗೆ ಹೋಗಿ ಕೂರುತ್ತೇವಲ್ಲ, ಅದೇ.

2. ಬ್ರೇಕ್ ದಿ ಐಸ್: ಮಂಜುಗಡ್ಡೆ ಒಡೆಯುವುದು. ನೀರು ಹೆಪ್ಪುಗಟ್ಟಿದರೆ ಹಡಗು ಮುಂದೆ ಹೋಗದು. ಯಾರಾದರೂ ಮೊದಲು ಗಡ್ಡೆ ಒಡೆದು ದಾರಿ ಮಾಡಬೇಕು. ಹಾಗೇ ಗುರುತಿಲ್ಲದವರು ಸುಮ್ಮನೆ ಕೂತಿರುವಾಗ ಒಬ್ಬರು ಮೊದಲು ಮಾತಾಡಿ ಸಂಕೋಚ ಬಿಡಿಸುವುದಕ್ಕೆ ಹೀಗೆ ಹೇಳುತ್ತಾರೆ. 400 ವರ್ಷಕ್ಕೂ ಹಿಂದೆ ಶೇಕ್ಸ್‌ಪಿಯರ್ ತಮ್ಮ ನಾಟಕದಲ್ಲಿ ಈ ಮಾತು ಬಳಸಿದ್ದಾರೆ.

3. ಸ್ಕೇಟಿಂಗ್ ಆನ್ ಥಿನ್ ಐಸ್: ತೆಳು ಮಂಜುಗಡ್ಡೆಯ ಮೇಲೆ ಜಾರುವುದು. ಗಡ್ಡೆ ಬಿರುಕು ಬಿಟ್ಟರೆ ಕೊರೆಯುವ ನೀರಿಗೆ ಬೀಳುತ್ತಾರೆ. ಅಪಾಯ ಇದೆ ಅಂತ ಗೊತ್ತಿದ್ದೂ ಮಾಡುವ ಕೆಲಸಕ್ಕೆ ಈ ಮಾತು. ಹೋಂವರ್ಕ್ ಮಾಡದೆ ಮೊದಲನೇ ಬೆಂಚಿನಲ್ಲಿ ಕೂರುವುದು!

4. ಟಿಪ್ ಆಫ್ ದಿ ಐಸ್‌ಬರ್ಗ್: ಐಸ್‌ಬರ್ಗ್ ಅಂದರೆ ಸಮುದ್ರದಲ್ಲಿ ತೇಲುವ ಮಂಜುಗಡ್ಡೆಯ ಬೆಟ್ಟ. ಅದರ ಹತ್ತು ಪಾಲಿನಲ್ಲಿ ಸುಮಾರು ಒಂಬತ್ತು ಪಾಲು ನೀರಿನೊಳಗೆ ಇರುತ್ತದೆ. ನಮಗೆ ಕಾಣುವುದು ತುದಿ ಮಾತ್ರ. ಮಂಜುಗಡ್ಡೆ ನೀರಿಗಿಂತ ಸ್ವಲ್ಪವೇ ಹಗುರ, ಅದಕ್ಕೇ ಹೀಗೆ. ಐಸ್‌ಕ್ಯಾಂಡಿಯವರ ಹತ್ತಿರ ಒಂದು ಚೂರು ಗಡ್ಡೆ ಕೇಳಿ ಲೋಟದ ನೀರಿಗೆ ಹಾಕಿ ನೋಡಿ, ಗೊತ್ತಾಗುತ್ತದೆ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್ ಎಂಬ ದೊಡ್ಡ ಹಡಗು ಇಂಥದ್ದಕ್ಕೇ ಡಿಕ್ಕಿ ಹೊಡೆದು ಮುಳುಗಿ ಸುಮಾರು 1500 ಜನ ಸತ್ತರು. ಕಾಣುವುದು ಸ್ವಲ್ಪ, ಕಾಣದ ತೊಂದರೆ ಬಹಳ ಇದ್ದಾಗ ಈ ಮಾತು ಹೇಳುತ್ತಾರೆ. ಕ್ಲಾಸಿನಲ್ಲಿ ನಕ್ಕವರಿಗೆ ಅಕ್ಕನ ಚಪ್ಪಲಿ ಮಾತು ಮಾತ್ರ ಕೇಳಿಸಿತು. ಅವಳ ಒಳಗಿನ ದುಃಖ ನೀರಿನೊಳಗಿನ ಗಡ್ಡೆ ಅಂತ ನನಗೆ ಅನ್ನಿಸಿತು.

5. ಸ್ನೋಬಾಲ್: ಹಿಮದ ಉಂಡೆ. ಹಿಮದ ಮೇಲೆ ಉರುಳಿಸಿದರೆ ಮೆತ್ತಿಕೊಳ್ಳುತ್ತಾ ದೊಡ್ಡದಾಗುತ್ತದೆ. ಹಾಗೇ ಬೆಳೆಯುವ ವಿಷಯಕ್ಕೆ ಈ ಹೆಸರು. ಬಡ್ಡಿ ಸಾಲ ಬೆಳೆಯುವುದನ್ನು ನೋಡಿದವರಿಗೆ ಬೇಗ ಅರ್ಥವಾಗುತ್ತದೆ.

6. ಕೋಲ್ಡ್ ಶೋಲ್ಡರ್: ತಣ್ಣನೆಯ ಭುಜ. ಬೇಕೆಂತಲೇ ಮಾತಾಡಿಸದೆ ಇರುವುದು. ನಾವು "ಮುಖ ತಿರುಗಿಸಿಕೊಂಡು ಹೋದ" ಅನ್ನುತ್ತೇವೆ.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಅವರಿಗೆ ತಣ್ಣಗಿರುವುದು ಹೆಚ್ಚಾಗಿ ಕೆಟ್ಟದ್ದು, ಬೆಚ್ಚಗಿರುವುದು ಒಳ್ಳೆಯದು. ಪ್ರೀತಿಯಿಂದ ಬರಮಾಡಿಕೊಂಡರೆ "ವಾರ್ಮ್ ವೆಲ್ಕಮ್" ಅನ್ನುತ್ತಾರೆ. ನಮ್ಮದು ಬಿಸಿಲ ನಾಡು. ನಮ್ಮ ಅಜ್ಜಿಗೆ ಯಾರಾದರೂ ಉಪಕಾರ ಮಾಡಿದರೆ "ನಿನ್ನ ಹೊಟ್ಟೆ ತಣ್ಣಗಿರಲಿ" ಅಂತ ಹರಸುತ್ತಾರೆ. ಇದನ್ನು ಪದಪದಕ್ಕೂ ಇಂಗ್ಲಿಷಿಗೆ ಮಾಡಿ ಲಂಡನ್ನಿನವರಿಗೆ ಹೇಳಿದರೆ ಶಾಪ ಹಾಕಿದರು ಅಂತ ತಿಳಿದಾರು! ನಮ್ಮಲ್ಲಿ ಕೆಟ್ಟದ್ದಕ್ಕೆ "ಹೊಟ್ಟೆಉರಿ" ಅನ್ನುತ್ತೇವೆ. ಆದರೆ ಎಲ್ಲವೂ ಉಲ್ಟಾ ಅಲ್ಲ. ಯಾರದಾದರೂ ಆಸೆಗೆ "ತಣ್ಣೀರೆರಚಿದರು" ಅಂತ ನಾವು ಹೇಳುವಂತೆ ಅವರೂ ಹೇಳುತ್ತಾರೆ. ಸಿಟ್ಟು ಮಾಡಿಕೊಳ್ಳಬೇಡ ಅನ್ನಲು ಅವರು "ಕೀಪ್ ಕೂಲ್" ಅನ್ನುವುದೂ ಉಂಟು.

ಮನೆಗೆ ಬಂದು ಎಲ್ಲವನ್ನೂ ಅಕ್ಕನಿಗೆ ಓದಿ ಹೇಳಿದೆ. ಪಕ್ಕದಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ, "ಇದೇನು ಹೊಸದಾ? ಕೊಟ್ಟಿಗೇಲಿ ಹಾವು ಕಂಡಾಗ ಭಯಕ್ಕೆ ನನ್ನ ಕೈಕಾಲು ತಣ್ಣಗಾಗೋಯ್ತು ಅಂತ ನಾನು ಹೇಳಿರಲಿಲ್ವಾ?" ಅಂದರು.

ನಾನೂ ಅಕ್ಕನೂ ಮುಖ ಮುಖ ನೋಡಿಕೊಂಡೆವು. ಹೌದಲ್ಲ! ಅಷ್ಟು ದೊಡ್ಡ ಇಂಗ್ಲಿಷ್ ಮಾತು ನಮ್ಮ ಅಜ್ಜಿಯ ಬಾಯಲ್ಲೇ ಇತ್ತು. ಅಕ್ಕ ಎರಡು ದಿನದ ಮೇಲೆ ಮೊದಲ ಸಲ ನಕ್ಕಳು. "ನನಗೆ ಗೊತ್ತಿದ್ದದ್ದೇ, ಕನ್ನಡದಲ್ಲಿ ಹುಡುಕಲಿಲ್ಲ ಅಷ್ಟೇ" ಅಂದಳು.

ಸೋಮವಾರ ಬೆಳಿಗ್ಗೆ ಮೊದಲನೇ ಬಸ್ಸಿಗೆ ಅವಳನ್ನು ಬಿಡಲು ಅಪ್ಪನ ಜೊತೆ ನಾನೂ ಹೋಗಿದ್ದೆ. ಮಂಜು ಕವಿದಿತ್ತು. "ಕಾಲು ತಣ್ಣಗಿದೆಯಾ ಅಕ್ಕಾ?" ಅಂತ ಕೇಳಿದೆ. "ಇದೆ ಕಣೋ. ಆದರೂ ಹೋಗ್ತೀನಿ" ಅಂತ ಬಸ್ಸು ಹತ್ತಿದಳು.

ಆದ್ದರಿಂದ ಗೆಳೆಯರೇ, ಹೊಸ ಇಂಗ್ಲಿಷ್ ನುಡಿಗಟ್ಟು ಸಿಕ್ಕರೆ ಹೆದರಬೇಡಿ. ಮೊದಲು ಅದು ಹುಟ್ಟಿದ ಊರು ನೆನೆಸಿಕೊಳ್ಳಿ, ಆಮೇಲೆ ನಿಮ್ಮ ಅಜ್ಜಿಯನ್ನು ಕೇಳಿ. ಇನ್ನೊಂದು ಮಾತು: ನಮ್ಮ ತರಗತಿಯಲ್ಲಿ ಯಾರಾದರೂ ತಪ್ಪು ಇಂಗ್ಲಿಷ್ ಮಾತಾಡಿದರೆ ದಯವಿಟ್ಟು ನಗಬೇಡಿ. ಮೊದಲು ಬಾಯಿಬಿಟ್ಟವರೇ ಮಂಜುಗಡ್ಡೆ ಒಡೆದವರು.

ನಿಮ್ಮ ಮನೆಯ ಹಿರಿಯರು ಚಳಿಯ ಬಗ್ಗೆ ಆಡುವ ಮಾತುಗಳನ್ನು ಒಂದು ಚೀಟಿಯಲ್ಲಿ ಬರೆದು ಈ ಹಾಳೆಯ ಕೆಳಗೆ ಅಂಟಿಸಿ. ನಮ್ಮ ಅಜ್ಜಿಯದು ನಾನೇ ಮೊದಲು ಬರೆಯುತ್ತೇನೆ: ಶಿವರಾತ್ರಿಗೆ ಚಳಿ ಶಿವ ಶಿವಾ ಅಂತ ಓಡಿಹೋಗುತ್ತದೆ. ತಪ್ಪಿದ್ದರೆ ತಿದ್ದಿ.

ಇತಿ ನಿಮ್ಮ ಗೆಳೆಯ,
7ನೇ ತರಗತಿ