ಹನ್ನೆರಡು ನಿಮಿಷದ ‘ಸಿಂಗ್, ಸಿಂಗ್, ಸಿಂಗ್’

1930ರ ದಶಕದ ಅಮೆರಿಕದಲ್ಲಿ ಜಾಜ್ ಎಂದರೆ ಮುಖ್ಯವಾಗಿ ಕುಣಿತದ ಸಂಗೀತ. ಹದಿನಾಲ್ಕು ಹದಿನೈದು ಮಂದಿಯ ದೊಡ್ಡ ಬ್ಯಾಂಡು, ಸ್ಯಾಕ್ಸೊಫೋನ್‌ಗಳ ಸಾಲು, ಟ್ರಂಪೆಟ್ಟು, ಟ್ರೊಂಬೋನು, ಇವೆಲ್ಲಕ್ಕೂ ಬೆನ್ನೆಲುಬಾಗಿ ಡ್ರಮ್ಮು. ಎದುರಿಗೆ ಕುಣಿಯುವ ನೂರಾರು ಜೋಡಿಗಳು. ‘ಸ್ವಿಂಗ್’ ಎಂದು ಹೆಸರಾದ ಈ ಸಂಗೀತದ ಅತಿ ಪ್ರಸಿದ್ಧ ಕೃತಿಗಳಲ್ಲಿ ‘ಸಿಂಗ್, ಸಿಂಗ್, ಸಿಂಗ್’ ಒಂದು. ಬೆನ್ನಿ ಗುಡ್‌ಮನ್‌ನ ಬ್ಯಾಂಡು ನುಡಿಸಿದ ಅದರ ಎರಡು ಧ್ವನಿಮುದ್ರಣಗಳಲ್ಲಿ ಯಾವುದು ಪ್ರಮಾಣ ಎಂದು ಜಾಜ್ ಪ್ರಿಯರು ದಶಕಗಳಿಂದ ವಾದಿಸುತ್ತಲೇ ಇದ್ದಾರೆ. ಒಂದು, 1937ರ ಜುಲೈ 6ರಂದು ಹಾಲಿವುಡ್‌ನಲ್ಲಿ ವಿಕ್ಟರ್ ಕಂಪನಿಗಾಗಿ ಸ್ಟುಡಿಯೋದಲ್ಲಿ ನುಡಿಸಿದ್ದು. ಇನ್ನೊಂದು, 1938ರ ಜನವರಿ 16ರ ರಾತ್ರಿ ನ್ಯೂಯಾರ್ಕ್‌ನ ಕಾರ್ನೆಗಿ ಹಾಲ್‌ನ ಕಛೇರಿಯಲ್ಲಿ ನುಡಿಸಿದ್ದು. ನನ್ನ ಮತ ಕಾರ್ನೆಗಿ ಹಾಲ್‌ಗೆ. ಅಚ್ಚುಕಟ್ಟಿನಲ್ಲಿ ಸ್ಟುಡಿಯೋದ್ದೇ ಮೇಲು, ಒಪ್ಪುತ್ತೇನೆ. ಆದರೆ ಈ ಕೃತಿ ಬೆಳೆದು ಬಂದ ದಾರಿಯನ್ನು ನೋಡಿದರೆ ಅಚ್ಚುಕಟ್ಟನ್ನೇ ಅಳತೆಗೋಲು ಮಾಡಿಕೊಳ್ಳುವುದು ಸರಿಯಲ್ಲ.

ಮೊದಲಿಗೆ ಇದು ಒಂದು ಪುಟ್ಟ ಹಾಡು. ನ್ಯೂ ಆರ್ಲಿಯನ್ಸ್‌ನ ಹಾಡುಗಾರ, ಟ್ರಂಪೆಟ್ ವಾದಕ ಲೂಯಿ ಪ್ರೀಮಾ ಇದನ್ನು ಬರೆದು 1936ರಲ್ಲಿ ತಾನೇ ಹಾಡಿ ಧ್ವನಿಮುದ್ರಿಸಿದ. ಜಿಮ್ಮಿ ಮಂಡಿ ಅದನ್ನು ಗುಡ್‌ಮನ್‌ನ ಬ್ಯಾಂಡಿಗೆ ಹೊಂದಿಸಿಕೊಟ್ಟ. ಅಲ್ಲಿಂದ ಮುಂದೆ ಹಾಡು ರಾತ್ರಿಯಿಂದ ರಾತ್ರಿಗೆ ವೇದಿಕೆಯ ಮೇಲೆಯೇ ಉದ್ದವಾಗುತ್ತ ಹೋಯಿತು. ಮಾತುಗಳು ಉದುರಿಹೋದವು. ಚೂ ಬೆರಿಯ ‘ಕ್ರಿಸ್ಟೋಫರ್ ಕೊಲಂಬಸ್’ ಎಂಬ ಬೇರೆಯದೇ ಕೃತಿಯ ಒಂದು ತುಣುಕು ಒಳಗೆ ಬಂದು ಸೇರಿಕೊಂಡಿತು. ಜೀನ್ ಕ್ರೂಪಾನ ಡ್ರಮ್ಮಿನ ಪಾಲು ಹಿಗ್ಗುತ್ತ ಹಿಗ್ಗುತ್ತ ಕೃತಿಯ ಗುರುತೇ ಅದಾಯಿತು. ಒಂದು ರಾತ್ರಿ ಹಾಡು ಮುಗಿದ ಮೇಲೂ ಕ್ರೂಪಾ ಬಾರಿಸುವುದನ್ನು ನಿಲ್ಲಿಸದೇ ಹೋದಾಗ, ಗುಡ್‌ಮನ್ ಕ್ಲಾರಿನೆಟ್ ಎತ್ತಿಕೊಂಡು ಅವನ ಜೊತೆಗೂಡಿದನೆಂಬ ಕಥೆ ಇಂದಿಗೂ ಚಾಲ್ತಿಯಲ್ಲಿದೆ. ಕಥೆ ಎಷ್ಟು ನಿಜವೋ, ಕೃತಿ ಬೆಳೆದದ್ದಂತೂ ಹಾಗೆಯೇ: ಬರೆದಿಟ್ಟದ್ದಕ್ಕೆ ನುಡಿಸುವವರು ಸೇರಿಸುತ್ತ, ಸೇರಿಸಿದ್ದನ್ನು ಉಳಿಸಿಕೊಳ್ಳುತ್ತ.

ಆ ಕಾಲದ ಸಾಮಾನ್ಯ ಗ್ರಾಮಫೋನ್ ಪ್ಲೇಟಿನ ಒಂದು ಬದಿಗೆ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಅದೇ ದಶಕದಲ್ಲಿ ನಮ್ಮ ಮಲ್ಲಿಕಾರ್ಜುನ ಮನ್ಸೂರರು ಎಚ್‌ಎಮ್‌ವಿಗಾಗಿ ಹಾಡಿದಾಗ ರಾಗವನ್ನು ಅಡಕಗೊಳಿಸಬೇಕಾಗಿದ್ದುದೂ ಈ ಮಿತಿಯಿಂದಲೇ. ವಿಕ್ಟರ್ ಕಂಪನಿ ಗುಡ್‌ಮನ್‌ಗಾಗಿ ಹನ್ನೆರಡು ಇಂಚಿನ ದೊಡ್ಡ ಪ್ಲೇಟನ್ನೇ ಕೊಟ್ಟು, ಅದರ ಎರಡೂ ಬದಿಗೆ ಕೃತಿಯನ್ನು ಹಂಚಿತು. ಒಟ್ಟು ಎಂಟೂವರೆ ನಿಮಿಷಕ್ಕೂ ಸ್ವಲ್ಪ ಹೆಚ್ಚು. ಕುಣಿತದ ಬ್ಯಾಂಡೊಂದರ ಒಂದೇ ಕೃತಿಗೆ ಇಷ್ಟು ಜಾಗ ಆಗ ದೊಡ್ಡ ಸಂಗತಿ. ಈ ಪ್ಲೇಟಿನ ಪರವಾಗಿರುವವರ ವಾದ ಹಗುರವಾದದ್ದಲ್ಲ. ಕ್ರೂಪಾನ ಟಾಮ್ ಟಾಮ್‌ಗಳ ಏಟು ಇದರಲ್ಲಿ ತುಂಬು ದನಿಯಲ್ಲಿ ಕೇಳುತ್ತದೆ, ವಾದ್ಯಗಳ ಸಾಲುಗಳು ಒಂದಕ್ಕೊಂದು ಬೆಸೆದುಕೊಂಡಿವೆ, ಎಲ್ಲಿಯೂ ಸಡಿಲವಿಲ್ಲ. ಕಾರ್ನೆಗಿ ಹಾಲ್‌ನ ಧ್ವನಿಮುದ್ರಣ ಮಾರುಕಟ್ಟೆಗೆ ಬಂದದ್ದೇ 1950ರಲ್ಲಿ. ಅಲ್ಲಿಯವರೆಗೆ ಪ್ಲೇಟು ಕೊಂಡು ಕೇಳಿದ ಕೇಳುಗರಿಗೆ ‘ಸಿಂಗ್, ಸಿಂಗ್, ಸಿಂಗ್’ ಎಂದರೆ ಇದೇ. ಗ್ರ್ಯಾಮಿ ಗೌರವ ಪಟ್ಟಿಗೆ 1982ರಲ್ಲಿ ಸೇರಿದ್ದೂ ಇದೇ. ಆದರೆ ಪ್ರಭಾವದ ಮಾತು ಬೇರೆ, ಪ್ರಮಾಣದ ಮಾತು ಬೇರೆ. ಹೆಚ್ಚು ಜನ ಮೊದಲು ಕೇಳಿದ್ದು ಯಾವುದು ಎಂಬುದು ಮಾರಾಟದ ಇತಿಹಾಸ. ಕೃತಿಯೊಳಗೆ ಏನೇನು ಅಡಗಿತ್ತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರ ಸಿಗುವುದಿಲ್ಲ.

ಆ ಉತ್ತರ ಕಾರ್ನೆಗಿ ಹಾಲ್‌ನಲ್ಲಿದೆ. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಆ ಸಭಾಂಗಣದಲ್ಲಿ ಕುಣಿಯಲು ಜಾಗವಿಲ್ಲ. ಜನ ಕುರ್ಚಿಯಲ್ಲಿ ಕೂತು ಕೇಳಬೇಕು. ಕಾರ್ಯಕ್ರಮದ ಕೊನೆಗೆ ಬಂದ ಈ ಕೃತಿ ಹನ್ನೆರಡು ನಿಮಿಷ ನಡೆಯಿತು. ಬೇಬ್ ರಸಿನ್‌ನ ಟೆನರ್ ಸ್ಯಾಕ್ಸ್, ಹ್ಯಾರಿ ಜೇಮ್ಸ್‌ನ ಕೆಣಕುವ ಟ್ರಂಪೆಟ್, ಆಮೇಲೆ ಗುಡ್‌ಮನ್‌ನ ಕ್ಲಾರಿನೆಟ್. ಬ್ಯಾಂಡು ಸುಮ್ಮನಾಗಿ, ಕೆಳಗೆ ಡ್ರಮ್ಮು ಮಾತ್ರ ಓಡುತ್ತಿರುವಾಗ ಗುಡ್‌ಮನ್ ಮೇಲೇರುತ್ತ ಹೋಗಿ, ಕೊನೆಯಲ್ಲಿ ತೀರಾ ಎತ್ತರದ ಒಂದು ಸ್ವರವನ್ನು ತೀರಾ ಮೆಲ್ಲಗೆ ಹಿಡಿಯುತ್ತಾನೆ. ಅಲ್ಲಿಂದ ಡ್ರಮ್ಮಿಗೆ, ಡ್ರಮ್ಮಿನಿಂದ ಮುಕ್ತಾಯಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಪಿಯಾನೋ ವಾದಕ ಜೆಸ್ ಸ್ಟೇಸಿ ಶುರುಮಾಡಿದ. ಅದುವರೆಗೂ ಈ ಬ್ಯಾಂಡಿನಲ್ಲಿ ಅವನ ಕೆಲಸ ಬಹುಮಟ್ಟಿಗೆ ಪಕ್ಕವಾದ್ಯದ್ದು. ಅವನು ಅಬ್ಬರಕ್ಕೆ ಅಬ್ಬರ ಸೇರಿಸಲು ಹೋಗುವುದಿಲ್ಲ. ಅದೇ ಮೈನರ್ ಛಾಯೆಯಲ್ಲಿ ನಿಂತು, ತಗ್ಗಿದ ದನಿಯಲ್ಲಿ, ಒಂದು ಎಳೆ ಬಿಡಿಸಿ ಇನ್ನೊಂದನ್ನು ಹಿಡಿಯುತ್ತ ಸುಮಾರು ಎರಡು ನಿಮಿಷ ನುಡಿಸುತ್ತಾನೆ. ಕ್ರೂಪಾ ತನ್ನ ಏಟನ್ನು ತಗ್ಗಿಸಿ ಅವನಿಗೆ ಜಾಗ ಬಿಡುತ್ತಾನೆ. ನಮ್ಮ ಕಛೇರಿಗಳಲ್ಲಿ ಮನೋಧರ್ಮ ಎನ್ನುತ್ತೇವಲ್ಲ, ಅದರ ಅಪ್ಪಟ ನಿದರ್ಶನ ಇದು.

ಇಲ್ಲಿಯೇ ದೊಡ್ಡ ಆಕ್ಷೇಪ ಏಳುತ್ತದೆ. ಸ್ಟೇಸಿ ನುಡಿಸಿದ್ದು ಚೆಲುವಾದದ್ದೇ, ಆದರೆ ಅದು ಈ ಕೃತಿಗೆ ಸೇರಿದ್ದಲ್ಲ. ಒಂದು ರಾತ್ರಿಯ ಆಕಸ್ಮಿಕವನ್ನು ಪ್ರಮಾಣವೆಂದು ಒಪ್ಪುವುದು ಹೇಗೆ? ಹಾಗಾದರೆ ‘ಕ್ರಿಸ್ಟೋಫರ್ ಕೊಲಂಬಸ್’ನ ತುಣುಕು ಯಾರದು? ಅಷ್ಟುದ್ದದ ಡ್ರಮ್ಮಿನ ಭಾಗ ಪ್ರೀಮಾನ ಹಾಡಿನಲ್ಲಿ ಎಲ್ಲಿತ್ತು? ಹೊರಗಿನಿಂದ ಬಂದದ್ದನ್ನೆಲ್ಲ ತೆಗೆದರೆ ಸ್ಟುಡಿಯೋದ ಪ್ಲೇಟಿನಲ್ಲೂ ಉಳಿಯುವುದು ಮೂರು ನಿಮಿಷದ ಹಾಡು. ಸೇರಿಕೆಗಳಿಂದಲೇ ಆದ ಕೃತಿಗೆ ಕೊನೆಯ ಸೇರಿಕೆಯನ್ನು ಮಾತ್ರ ನಿಷೇಧಿಸುವುದು ನ್ಯಾಯವಲ್ಲ. ಅಲ್ಲದೆ ಆ ಎರಡು ನಿಮಿಷ ಬಂದ ಮೇಲೆ ಅದಕ್ಕೆ ಮುಂಚಿನ ಹತ್ತು ನಿಮಿಷದ ಅಬ್ಬರಕ್ಕೂ ಹೊಸ ಅರ್ಥ ಬರುತ್ತದೆ; ಆ ಗದ್ದಲದೊಳಗೆ ಇಂಥ ವಿಷಾದವೂ ಇತ್ತು ಎಂದು ಆಗ ತಿಳಿಯುತ್ತದೆ.

ಧ್ವನಿಯ ಗುಣಮಟ್ಟದ ದೂರು ನಿಜ. ವೇದಿಕೆಯ ಮೇಲೆ ತೂಗುಹಾಕಿದ್ದು ಒಂದೇ ಮೈಕು. ಆಲ್ಬರ್ಟ್ ಮಾರ್ಕ್ಸ್ ಎಂಬಾತ ಈ ಬ್ಯಾಂಡಿನಲ್ಲಿ ಮೊದಲು ಹಾಡುತ್ತಿದ್ದ ತನ್ನ ಹೆಂಡತಿ ಹೆಲೆನ್ ವಾರ್ಡ್‌ಗೆ ಉಡುಗೊರೆಯಾಗಿ ಈ ಧ್ವನಿಮುದ್ರಣ ಮಾಡಿಸಿದ್ದ. 1999ರಲ್ಲಿ ಮೂಲ ತಟ್ಟೆಗಳಿಂದ ಇಡೀ ಕಛೇರಿಯನ್ನು ಮತ್ತೆ ಹೊರತಂದಾಗ, ಹಳೆಯ ಗೀರುಗಳ ಸದ್ದನ್ನು ಅಳಿಸುವ ಬದಲು ಸಂಗೀತವನ್ನು ಉಳಿಸಿಕೊಂಡರು. ಸರಿಯಾದ ಆಯ್ಕೆ. ಕೆಲವು ಕಡೆ ವಾದ್ಯಗಳು ದೂರವಾಗುತ್ತವೆ, ಜನರ ಚಪ್ಪಾಳೆ ನಡುವೆ ನುಗ್ಗುತ್ತದೆ. ಆದರೆ ಕೂತು ಕೇಳುತ್ತಿದ್ದ ಜನರ ಆ ಏಕಾಗ್ರತೆ ಇಲ್ಲದಿದ್ದರೆ ಸ್ಟೇಸಿಗೆ ಅಷ್ಟು ಮೆಲ್ಲಗೆ ನುಡಿಸುವ ಧೈರ್ಯ ಬರುತ್ತಿತ್ತೆ? ಕುಣಿತದ ನೆಲದ ಮೇಲೆ ಆ ಎರಡು ನಿಮಿಷ ಯಾರಿಗೂ ಕೇಳಿಸುತ್ತಿರಲಿಲ್ಲ. ಆ ರಾತ್ರಿ ಕಳೆದು ಎರಡು ತಿಂಗಳಾಗುವುದರೊಳಗೆ ಕ್ರೂಪಾ ಬ್ಯಾಂಡು ಬಿಟ್ಟ. ಮುಂದೆ ಗುಡ್‌ಮನ್ ಬೇರೆ ಬೇರೆ ಡ್ರಮ್ ವಾದಕರೊಡನೆ ಇದೇ ಕೃತಿಯನ್ನು ದಶಕಗಳ ಕಾಲ ನುಡಿಸಿದ.