ಬಾದಾಮಿಯಿಂದ ಐಹೊಳೆಗೆ ಸೈಕಲ್ ಯಾತ್ರೆ: ದಾರಿಯುದ್ದಕ್ಕೂ ಸಿಗುವ ಜೈನ ಕುರುಹುಗಳು

ಬಾಗಲಕೋಟೆ ಜಿಲ್ಲೆಯ ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ನೋಡದ ಕುಟುಂಬ ಕರ್ನಾಟಕದಲ್ಲಿ ಕಡಿಮೆ. ಶಾಲಾ ಪ್ರವಾಸದಲ್ಲೋ ಬೇಸಿಗೆ ರಜೆಯಲ್ಲೋ ಒಮ್ಮೆಯಾದರೂ ಹೋಗಿ ಬಂದಿರುತ್ತಾರೆ. ಆದರೆ ಐಹೊಳೆಯ ಮೇಗುಟಿ ಜಿನಾಲಯದ ಮೆಟ್ಟಿಲು ಹತ್ತಿದವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಬೇರೆಯಾಗಿರುತ್ತದೆ. ಒಂದೇ ದಿನದಲ್ಲಿ ಮೂರೂ ಊರು ಮುಗಿಸುವ ಪ್ರವಾಸದ ಬಸ್ಸು ದೊಡ್ಡ ದೇವಾಲಯಗಳ ಬಾಗಿಲಲ್ಲಿ ನಿಲ್ಲುತ್ತದೆ, ಗಂಟೆ ನೋಡಿ ಹೊರಡುತ್ತದೆ. ಪಟ್ಟದಕಲ್ಲಿನ ಜೈನ ಬಸದಿ ಮುಖ್ಯ ಗುಂಪಿನಿಂದ ದೂರ ಇದೆ. ಮೇಗುಟಿ ಬೆಟ್ಟದ ಮೇಲಿದೆ. ಮೇಣ ಬಸದಿ ಬೆಟ್ಟದ ಮರೆಯಲ್ಲಿದೆ. ಹೀಗಾಗಿ ಬಸ್ಸಿನಲ್ಲಿ ಹೋದವರ ಕಣ್ಣಿಗೆ ತಪ್ಪುವುದು ಹೆಚ್ಚಾಗಿ ಜೈನ ಸ್ಮಾರಕಗಳೇ.

ಇದೇ ದಾರಿಯನ್ನು ಸೈಕಲ್ ಮೇಲೆ ಕ್ರಮಿಸುವವರು ಈಗ ಅಲ್ಲಲ್ಲಿ ಕಾಣಸಿಗುತ್ತಾರೆ. ಸೈಕಲ್ಲಿಗೆ ನಿಲುಗಡೆಯ ಹಂಗಿಲ್ಲ. ಹೊಲದ ಬದುವಿನಲ್ಲಿ ನಿಂತ ಕಲ್ಲೊಂದನ್ನು ಕಂಡರೆ ಕಾಲು ಊರಿ ನೋಡಬಹುದು. ಈ ದಾರಿಯಲ್ಲಿ ಏನೇನಿದೆ, ಅದನ್ನು ಗುರುತಿಸುವುದು ಹೇಗೆ, ಜೈನ ಆಚಾರಕ್ಕೆ ಕುಂದು ಬಾರದಂತೆ ಪ್ರಯಾಣ ಮಾಡುವುದು ಹೇಗೆ ಎಂಬ ವಿವರ ಇಲ್ಲಿದೆ.

ದಾರಿ ಮತ್ತು ದೂರ

ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆಗೆ ಸುಮಾರು 14 ಕಿ.ಮೀ. ಒಟ್ಟು 36 ಕಿ.ಮೀ. ಸಾಮಾನ್ಯ ಅಭ್ಯಾಸವಿದ್ದವರು ಗಂಟೆಗೆ 14–15 ಕಿ.ಮೀ. ಸಾಗಿದರೂ ತುಳಿಯುವ ಸಮಯ ಸುಮಾರು ಎರಡೂವರೆ ಗಂಟೆ. ಘಟ್ಟದಂಥ ಏರು ಇಲ್ಲ. ಕೆಂಪು ಮರಳುಗಲ್ಲಿನ ಗುಡ್ಡಗಳ ನಡುವೆ ಏರಿಳಿತದ ರಸ್ತೆ, ಎರಡೂ ಬದಿ ಜೋಳ, ಸೂರ್ಯಕಾಂತಿ, ಶೇಂಗಾ ಹೊಲ.

ಬಾದಾಮಿ ರೈಲು ನಿಲ್ದಾಣ ಗದಗ–ಬಾಗಲಕೋಟೆ ಮಾರ್ಗದಲ್ಲಿದ್ದು, ಪಟ್ಟಣದಿಂದ ಸುಮಾರು 5 ಕಿ.ಮೀ. ದೂರದಲ್ಲಿದೆ. ಹೊರಡುವ ನಿಲ್ದಾಣದ ಪಾರ್ಸೆಲ್ ಕಚೇರಿಯಲ್ಲಿ ಮೊದಲೇ ವಿಚಾರಿಸಿ ಸೈಕಲ್ ಬುಕ್ ಮಾಡಬಹುದು. ಮೊದಲ ದಿನ ಮಧ್ಯಾಹ್ನ ಬಾದಾಮಿ ತಲುಪಿ ಗುಹೆಗಳನ್ನು ನೋಡಿ, ಮರುದಿನ ಬೆಳಕು ಹರಿಯುತ್ತಲೇ ಹೊರಡುವುದು ಅನುಕೂಲ. ನವೆಂಬರ್‌ನಿಂದ ಫೆಬ್ರವರಿವರೆಗಿನ ತಿಂಗಳುಗಳು ಒಳ್ಳೆಯವು. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಈ ಕಲ್ಲುಬೆಟ್ಟಗಳು ಕಾದ ಹಂಚಿನಂತಿರುತ್ತವೆ.

ಬಾದಾಮಿ: ನಾಲ್ಕನೆಯ ಗುಹೆ

ಒಂದನೆಯ ಪುಲಕೇಶಿ ಕ್ರಿ.ಶ. 543ರಲ್ಲಿ ಕೋಟೆ ಕಟ್ಟಿಸಿದ ಊರಿದು. ಅಂದಿನ ಹೆಸರು ವಾತಾಪಿ. ಅಗಸ್ತ್ಯತೀರ್ಥದ ಮೇಲಿನ ಬೆಟ್ಟದಲ್ಲಿ ಕೊರೆದ ನಾಲ್ಕು ಗುಹೆಗಳಲ್ಲಿ ಎಲ್ಲಕ್ಕಿಂತ ಮೇಲಿರುವ, ಗಾತ್ರದಲ್ಲಿ ಚಿಕ್ಕದಾದ ನಾಲ್ಕನೆಯದು ಜೈನ ಗುಹೆ. ಗರ್ಭಗೃಹದಲ್ಲಿ ಆಸೀನ ಜಿನಬಿಂಬ, ಮೊಗಸಾಲೆಯ ಎರಡು ತುದಿಗಳಲ್ಲಿ ಪಾರ್ಶ್ವನಾಥ ಮತ್ತು ಬಾಹುಬಲಿ. ಕಂಬಗಳ ಮೇಲೂ ಗೋಡೆಗಳ ಮೇಲೂ ಸಾಲುಸಾಲಾಗಿರುವ ಚಿಕ್ಕ ತೀರ್ಥಂಕರ ಮೂರ್ತಿಗಳಲ್ಲಿ ಹಲವು ನಂತರದ ಶತಮಾನಗಳಲ್ಲಿ ಸೇರಿದವು. ಅಂದರೆ ಗುಹೆ ಕೊರೆದು ನೂರಾರು ವರ್ಷಗಳ ಮೇಲೂ ಶ್ರಾವಕರು ಇಲ್ಲಿಗೆ ಬರುತ್ತಿದ್ದರು, ಮೂರ್ತಿ ಮಾಡಿಸುತ್ತಿದ್ದರು.

ಇಲ್ಲಿಯ ಬಾಹುಬಲಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಶ್ರವಣಬೆಳಗೊಳದ ಗೊಮ್ಮಟೇಶ್ವರನ ಪ್ರತಿಷ್ಠೆಯಾದದ್ದು ಕ್ರಿ.ಶ. 981ರಲ್ಲಿ. ಬಾದಾಮಿ ಮತ್ತು ಐಹೊಳೆಯ ಬಾಹುಬಲಿಯರು ಅದಕ್ಕಿಂತ ಹಲವು ತಲೆಮಾರು ಹಿಂದಿನವರು. ಬೆಳಗೊಳದ ಮೂರ್ತಿಯಲ್ಲಿ ಗುಂಗುರು ಕೂದಲು. ಇಲ್ಲಿ ಕೂದಲ ಎಳೆಗಳು ಹೆಗಲ ಮೇಲೆ ಇಳಿದಿವೆ. ಕಾಲು ತೋಳುಗಳಿಗೆ ಹಬ್ಬಿದ ಬಳ್ಳಿ ಮಾತ್ರ ಎರಡೂ ಕಡೆ ಒಂದೇ. ಬಾಹುಬಲಿಯ ರೂಪ ಕನ್ನಡ ನಾಡಿನಲ್ಲಿ ಹೇಗೆ ಬೆಳೆಯುತ್ತ ಬಂತು ಎಂಬುದನ್ನು ಮಕ್ಕಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜಾಗ ಬೇರೆ ಇಲ್ಲ.

ದಾರಿಬದಿಯ ಕಲ್ಲುಗಳು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಗುಡಿಯ ಅಂಗಳ, ಕೆರೆಯ ಏರಿ, ಹೊಲದ ಅಂಚಿನಲ್ಲಿ ಹಳೆಯ ಕಲ್ಲುಗಳು ನಿಂತಿರುತ್ತವೆ. ಜನ ಎಲ್ಲವನ್ನೂ ವೀರಗಲ್ಲು ಎಂದೇ ಕರೆಯುವುದುಂಟು. ಅವುಗಳ ನಡುವೆ ನಿಸಿಧಿ ಕಲ್ಲೂ ಇರಬಹುದು. ಗುರುತಿಸುವುದು ಕಷ್ಟವಲ್ಲ.

ವೀರಗಲ್ಲಿನ ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತದೆ: ಕತ್ತಿ, ಬಿಲ್ಲು, ಕುದುರೆ, ಕೆಲವೊಮ್ಮೆ ತುರುಗಳು. ನಡುವಿನ ಪಟ್ಟಿಯಲ್ಲಿ ಸತ್ತ ವೀರನನ್ನು ಅಪ್ಸರೆಯರು ಒಯ್ಯುತ್ತಾರೆ. ಮೇಲೆ ಸಾಮಾನ್ಯವಾಗಿ ಶಿವಲಿಂಗ. ನಿಸಿಧಿ ಕಲ್ಲಿನಲ್ಲಿ ಆಯುಧವಿಲ್ಲ. ಗುರುವಿನ ಎದುರು ಕೈಮುಗಿದು ಕುಳಿತ ವ್ಯಕ್ತಿ, ನಡುವೆ ಶಾಸ್ತ್ರ ಇಡುವ ವ್ಯಾಸಪೀಠ, ಮೇಲಿನ ಪಟ್ಟಿಯಲ್ಲಿ ಜಿನಬಿಂಬ. ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟವರ ನೆನಪಿನ ಕಲ್ಲು ಅದು. ಒಂದು ಕಲ್ಲು ಸಾವನ್ನು ಎದುರಿಸಿ ಹೋರಾಡಿದವರದು, ಇನ್ನೊಂದು ಸಾವನ್ನು ಶಾಂತಿಯಿಂದ ಬರಮಾಡಿಕೊಂಡವರದು.

ಪಟ್ಟದಕಲ್ಲು: ದೂರ ನಿಂತ ಬಸದಿ

ಚಾಲುಕ್ಯರ ಪಟ್ಟಾಭಿಷೇಕದ ಊರು ಪಟ್ಟದಕಲ್ಲು. ಇಲ್ಲಿ ಮಲಪ್ರಭೆ ಉತ್ತರಕ್ಕೆ ತಿರುಗುತ್ತಾಳೆ. 1987ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಯುನೆಸ್ಕೊ ಘೋಷಿಸಿದಾಗ ಒಂಬತ್ತು ಹಿಂದೂ ದೇವಾಲಯಗಳ ಜತೆ ಒಂದು ಜೈನ ಬಸದಿಯೂ ಆ ಪಟ್ಟಿಯಲ್ಲಿತ್ತು. ಬಾದಾಮಿಯಿಂದ ಬರುವಾಗ ಊರಿಗಿಂತ ಮೊದಲೇ, ರಸ್ತೆಯ ಬದಿಯಲ್ಲಿ ಈ ಬಸದಿ ಸಿಗುತ್ತದೆ. ಬಸ್ಸಿನವರು ಇದನ್ನು ದಾಟಿ ಮುಂದೆ ಹೋಗುತ್ತಾರೆ. ಸೈಕಲಿನವರಿಗೆ ಇದೇ ಮೊದಲ ನಿಲ್ದಾಣ.

ಜೈನ ನಾರಾಯಣ ಎಂಬ ಹೆಸರಿನಿಂದ ಇದು ಪರಿಚಿತ. ಉಳಿದ ದೇವಾಲಯಗಳು ಬಹುಪಾಲು ಚಾಲುಕ್ಯರ ಕಾಲದವು. ಇದು 9ನೇ ಶತಮಾನದ, ರಾಷ್ಟ್ರಕೂಟರ ಕಾಲದ ಕಟ್ಟಡ. ಒಳಗೆ ಪೂಜೆಗೊಳ್ಳುವ ಬಿಂಬವಿಲ್ಲ. ಬಾಗಿಲ ಬಳಿ ಗೋಡೆಯಿಂದ ಹೊರಬರುವಂತೆ ಕೆತ್ತಿದ ಎರಡು ದೊಡ್ಡ ಆನೆಗಳು ಮಾತ್ರ ಇಂದಿಗೂ ಕಾವಲಿಗಿವೆ. ವಿಮಾನದ ಅಂತಸ್ತುಗಳನ್ನು ಹೊರಗೆ ನಿಂತು ಎಣಿಸಿ, ನಂತರ ವಿರೂಪಾಕ್ಷ ದೇವಾಲಯಕ್ಕೆ ಹೋದರೆ, ಚಾಲುಕ್ಯರ ಶೈಲಿಯನ್ನು ರಾಷ್ಟ್ರಕೂಟರು ಹೇಗೆ ಮುಂದುವರಿಸಿದರು ಎಂಬುದು ಕಣ್ಣಿಗೇ ತಿಳಿಯುತ್ತದೆ.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಪಟ್ಟದಕಲ್ಲಿನ ದೇವಾಲಯ ಆವರಣದೊಳಕ್ಕೇ ನೀರು ನುಗ್ಗಿತ್ತು. ಮಳೆಗಾಲದಲ್ಲಿ ಹೊರಡುವವರು ನದಿಯ ಮಟ್ಟ ವಿಚಾರಿಸಿಯೇ ಹೊರಡಬೇಕು.

ಐಹೊಳೆ: ರವಿಕೀರ್ತಿಯ ಜಿನಾಲಯ

ನೂರಕ್ಕೂ ಹೆಚ್ಚು ಗುಡಿಗಳಿರುವ ಐಹೊಳೆಯಲ್ಲಿ ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಮೇಗುಟಿ. ‘ಮೇಲಿನ ಗುಡಿ’ ಎಂಬುದೇ ಮೇಗುಟಿ ಆಯಿತು ಎನ್ನುತ್ತಾರೆ. ಸೈಕಲನ್ನು ಕೆಳಗೆ ಬೀಗ ಹಾಕಿ ನಿಲ್ಲಿಸಿ ಮೆಟ್ಟಿಲು ಹತ್ತಬೇಕು. ದಾರಿಯಲ್ಲಿ ಎರಡು ಅಂತಸ್ತಿನ ಬೌದ್ಧ ಗುಹೆ ಸಿಗುತ್ತದೆ. ಬೆಟ್ಟದ ಮೇಲೆ ಶಿಲಾಯುಗದ ನಂತರದ ಬೃಹತ್ ಶಿಲಾಸಮಾಧಿಗಳಿವೆ. ನೆತ್ತಿಯ ಮೇಲೆ ಜಿನಾಲಯ.

ಜಿನಾಲಯದ ಪೂರ್ವದ ಹೊರಗೋಡೆಯಲ್ಲಿ 19 ಸಾಲುಗಳ ಶಾಸನವಿದೆ. ಭಾಷೆ ಸಂಸ್ಕೃತ, ಲಿಪಿ ಹಳಗನ್ನಡ, ಕಾಲ ಶಕ 556, ಅಂದರೆ ಕ್ರಿ.ಶ. 634. ಬರೆದ ಕವಿ ರವಿಕೀರ್ತಿಯೇ ಈ ಜಿನಾಲಯವನ್ನು ಕಟ್ಟಿಸಿದವನು. ಇಮ್ಮಡಿ ಪುಲಕೇಶಿಯು ಉತ್ತರಾಪಥದ ಹರ್ಷವರ್ಧನನನ್ನು ಸೋಲಿಸಿದ ಸಂಗತಿ ಈ ಶಾಸನದಲ್ಲಿದೆ. ಕವಿ ತನ್ನನ್ನು ಕಾಳಿದಾಸ ಮತ್ತು ಭಾರವಿಗೆ ಹೋಲಿಸಿಕೊಂಡಿದ್ದಾನೆ. ಹೀಗಾಗಿ ಆ ಇಬ್ಬರು ಮಹಾಕವಿಗಳು 634ಕ್ಕಿಂತ ಹಿಂದಿನವರೆಂದು ಸಾಹಿತ್ಯ ಚರಿತ್ರೆಗೆ ಖಚಿತವಾದದ್ದು ಈ ಕಲ್ಲಿನಿಂದ. ಭಾರತದ ಇತಿಹಾಸ ಬರೆಯುವವರು ಯಾರೇ ಆಗಲಿ ಈ ಬಸದಿಯ ಗೋಡೆಯ ಮುಂದೆ ನಿಲ್ಲದೆ ವಿಧಿಯಿಲ್ಲ. ಬೆಳಿಗ್ಗೆ 11ರ ಸುಮಾರಿಗೆ ತಲುಪಿದರೆ ಬಿಸಿಲು ಗೋಡೆಯ ಮೇಲಿಂದ ಓರೆಯಾಗಿ ಬೀಳುತ್ತದೆ, ಅಕ್ಷರಗಳು ನೆರಳಿನಲ್ಲಿ ಎದ್ದು ಕಾಣುತ್ತವೆ.

ಕಟ್ಟಡ ಪೂರ್ತಿಯಾಗಿಲ್ಲ. ಹೊರಗೋಡೆಯಲ್ಲಿ ಕೆತ್ತನೆಗೆಂದು ಬಿಟ್ಟ ಕಲ್ಲುಗಳು ಹಾಗೆಯೇ ಉಳಿದಿವೆ. ಇಲ್ಲಿದ್ದ ಅಂಬಿಕಾ ಯಕ್ಷಿಯ ಸುಂದರ ಮೂರ್ತಿ ಈಗ ದುರ್ಗ ಗುಡಿಯ ಬಳಿಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಬೆಟ್ಟ ಇಳಿದ ಮೇಲೆ ಅದನ್ನು ನೋಡದೆ ಹಿಂತಿರುಗಬಾರದು. ಅದೇ ಬೆಟ್ಟದ ಬುಡದಲ್ಲಿ ಮೇಣ ಬಸದಿ ಎಂಬ ಜೈನ ಗುಹೆಯಿದೆ. ಬಾದಾಮಿಯಂತೆ ಇಲ್ಲಿಯೂ ಪಾರ್ಶ್ವನಾಥ ಮತ್ತು ಬಾಹುಬಲಿ ಎದುರುಬದುರು. ಊರೊಳಗೆ ಚರಂತಿ ಮಠವೆಂದು ಕರೆಯುವ ಗುಂಪಿನಲ್ಲಿ 12ನೇ ಶತಮಾನದ ಬಸದಿಗಳಿವೆ.

ಹೆಸರು ಅಳಿದರೂ ಗುರುತು ಉಳಿದಿದೆ

ಐಹೊಳೆಯ ಗುಡಿಗಳ ಇಂದಿನ ಹೆಸರುಗಳಲ್ಲಿ ಹಲವು ದೇವರದಲ್ಲ. ಪೂಜೆ ನಿಂತ ಗುಡಿಗಳಲ್ಲಿ ಜನ ಮನೆ ಮಾಡಿಕೊಂಡರು. ಇದ್ದವರ ಹೆಸರೇ ಗುಡಿಗೆ ಅಂಟಿತು. ಲಾಡಖಾನ ಗುಡಿ ಇದಕ್ಕೆ ಪ್ರಸಿದ್ಧ ಉದಾಹರಣೆ. ಬಸದಿಗಳ ಹೆಸರೂ ಹೀಗೆಯೇ ಮರೆಯಾಗಿದೆ. ‘ಚರಂತಿ ಮಠ’ ಎಂಬ ಫಲಕ ನೋಡಿ ಒಳಗಿರುವುದು ಜಿನಾಲಯ ಎಂದು ಊಹಿಸುವವರು ಅಪರೂಪ. ರವಿಕೀರ್ತಿ ತನ್ನ ಹೆಸರನ್ನು ಕಲ್ಲಿನಲ್ಲಿ ಬರೆಸಿದ್ದರಿಂದ ಉಳಿದ. ಬರೆಸದೆ ಹೋದ ಶ್ರಾವಕ ಶ್ರಾವಿಕೆಯರ ನೆನಪು ಉಳಿಯಬೇಕಾದರೆ ನೋಡುವವರಿಗೆ ಗುರುತು ತಿಳಿದಿರಬೇಕು.

ಹಾಳು ಗುಡಿಯೊಂದು ಬಸದಿಯೇ ಎಂದು ತಿಳಿಯಲು ಮೊದಲು ಬಾಗಿಲ ಮೇಲಿನ ಲಲಾಟಬಿಂಬ ನೋಡಬೇಕು. ಅಲ್ಲಿ ಪರ್ಯಂಕಾಸನದಲ್ಲಿ ಕುಳಿತ ಜಿನ ಇದ್ದರೆ ಸಂಶಯವಿಲ್ಲ. ಮೂರ್ತಿಯ ತಲೆಯ ಮೇಲೆ ಮುಕ್ಕೊಡೆ, ಎರಡು ಬದಿ ಚಾಮರಧಾರಿಗಳು, ಕಾಯೋತ್ಸರ್ಗದ ನಿಲುವು ಇವು ಮುಂದಿನ ಗುರುತುಗಳು. ಹಾವಿನ ಹೆಡೆಯಿದ್ದರೆ ಸಾಮಾನ್ಯವಾಗಿ ಪಾರ್ಶ್ವನಾಥ. ಐದು ಹೆಡೆ ಇದ್ದಾಗ ಸುಪಾರ್ಶ್ವನಾಥನೂ ಆಗಿರಬಹುದು. ಹಳೆಯ ಬಿಂಬಗಳ ಪೀಠದಲ್ಲಿ ಲಾಂಛನ ಇಲ್ಲದಿರುವುದು ಸಾಮಾನ್ಯ. ಲಾಂಛನ ಕಾಣದೆಂದು ಜಿನಬಿಂಬವಲ್ಲ ಎನ್ನಲಾಗದು.

ಸಿದ್ಧತೆ ಮತ್ತು ಆಚಾರ

ಗೇರ್ ಇರುವ ಸಾಮಾನ್ಯ ಸೈಕಲ್ ಸಾಕು. ದಾರಿಬದಿಯ ಜಾಲಿ ಮುಳ್ಳು ಇಲ್ಲಿಯ ದೊಡ್ಡ ಶತ್ರು. ಒಂದು ಹೆಚ್ಚುವರಿ ಟ್ಯೂಬ್, ಪಂಕ್ಚರ್ ಸಾಮಾನು, ಕೈ ಪಂಪು ಜತೆಗಿರಲಿ. ಹೆಲ್ಮೆಟ್ ಕಡ್ಡಾಯ. ಸುಗ್ಗಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳು ಜೋಡಿ ಟ್ರೇಲರ್ ಎಳೆದುಕೊಂಡು ಬರುತ್ತವೆ, ಹಲವಕ್ಕೆ ಹಿಂದಿನ ದೀಪ ಇರುವುದಿಲ್ಲ. ರೈತರು ರಸ್ತೆಯ ಮೇಲೆಯೇ ಕಾಳು ಹರವಿ ಒಕ್ಕುವುದೂ ಇದೆ. ಅದರ ಮೇಲೆ ಚಕ್ರ ಜಾರುತ್ತದೆ. ಕತ್ತಲಾದ ಮೇಲೆ ತುಳಿಯದಿರುವುದೇ ಲೇಸು.

ಈ ನಿಯಮ ರಾತ್ರಿಭೋಜನ ತ್ಯಾಗಕ್ಕೂ ಹೊಂದುತ್ತದೆ. ಡಿಸೆಂಬರ್‌ನಲ್ಲಿ ಸಂಜೆ 6ರ ಹೊತ್ತಿಗೆ ಸೂರ್ಯ ಮುಳುಗುತ್ತಾನೆ; 5ರೊಳಗೆ ತಂಗುವ ಜಾಗ ಸೇರಿದರೆ ಊಟಕ್ಕೆ ಅವಸರವಿಲ್ಲ. ಐಹೊಳೆಯಲ್ಲಿ ವಸತಿ ಕಡಿಮೆ, ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಥವಾ ಮಧ್ಯಾಹ್ನದ ವಿಶ್ರಾಂತಿಯ ನಂತರ ಸೈಕಲ್ಲುಗಳನ್ನು ಟೆಂಪೊದಲ್ಲಿ ಹಾಕಿ ಬಾದಾಮಿಗೆ ಮರಳಬಹುದು. ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಎರಡು ದಿನ ಕೆಡುವುದಿಲ್ಲ, ಬಲವೂ ಬರುತ್ತದೆ. ಹಿಂಡಿಗೆ ಬೆಳ್ಳುಳ್ಳಿ ಹಾಕದೆ ಮನೆಯಲ್ಲೇ ಮಾಡಿಕೊಳ್ಳುವುದು ಒಳ್ಳೆಯದು. ಅಂಗಡಿಯಲ್ಲಿ ಕೊಳ್ಳುವ ಎನರ್ಜಿ ಬಾರ್‌ಗಳಲ್ಲಿ ಜೇನು, ಕೆಲವು ಮಿಠಾಯಿಗಳಲ್ಲಿ ಜೆಲಾಟಿನ್ ಇರುತ್ತದೆ, ಪೊಟ್ಟಣ ಓದಿಯೇ ತೆಗೆದುಕೊಳ್ಳಬೇಕು. ಸೈಕಲಿನ ಸೀಟು, ಕೈಗವಸು ಚರ್ಮದ್ದಲ್ಲವೇ ಎಂದೂ ನೋಡಬೇಕು. ಸೋಸಿದ ನೀರು ಒಬ್ಬೊಬ್ಬರಿಗೆ ಕನಿಷ್ಠ ಎರಡು ಲೀಟರ್ ಬೇಕು. ಮಳೆಗಾಲದಲ್ಲಿ ರಸ್ತೆಯ ಮೇಲೆ ಹುಳುಹುಪ್ಪಟೆ ಹೆಚ್ಚು. ಮುನಿಗಳು ಚಾತುರ್ಮಾಸದಲ್ಲಿ ವಿಹಾರ ನಿಲ್ಲಿಸುವ ಕಾರಣವೂ ಅದೇ. ಆ ತಿಂಗಳುಗಳನ್ನು ಬಿಟ್ಟು ಹೊರಡುವುದು ಎಲ್ಲ ರೀತಿಯಲ್ಲೂ ಹಿತ.

ಸ್ಮಾರಕಗಳಲ್ಲಿ ಗಮನಿಸಬೇಕಾದದ್ದು

ಇವು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕಗಳು. ಭಕ್ತಿಯಿಂದಲೇ ಆದರೂ ಇಲ್ಲಿ ಅಭಿಷೇಕ ಮಾಡುವುದು, ಕುಂಕುಮ ಹಚ್ಚುವುದು, ದೀಪ ಹಚ್ಚಿ ಎಣ್ಣೆ ಚೆಲ್ಲುವುದು ಸಲ್ಲದು. ಮರಳುಗಲ್ಲು ಮೆತ್ತಗಿನದು, ಎಣ್ಣೆ ಹೀರುತ್ತದೆ, ಕಲೆ ಹೋಗುವುದಿಲ್ಲ. ಶಾಸನದ ಮೇಲೆ ಸೀಮೆಸುಣ್ಣ ತಿಕ್ಕಿ ಓದುವುದೂ ಬೇಡ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಸೆರೆ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ಕಾನೂನು ವಿಧಿಸುತ್ತದೆ. ಹೊಲದ ಬದಿಯಲ್ಲಿ ನಿಸಿಧಿ ಕಲ್ಲು ಕಂಡರೆ ಕದಲಿಸದೆ, ಹೊಲದವರ ಒಪ್ಪಿಗೆ ಪಡೆದು ಫೋಟೊ ತೆಗೆದು, ಊರಿನ ಹೆಸರು ಮತ್ತು ಜಾಗ ಬರೆದುಕೊಂಡು ಇಲಾಖೆಗೆ ತಿಳಿಸಬೇಕು. ಮೂಲ ಜಾಗ ತಪ್ಪಿದ ಕಲ್ಲು ಅರ್ಧ ಮಾತು ಕಳೆದುಕೊಳ್ಳುತ್ತದೆ.

ಮೂರ್ತಿ ಇಲ್ಲದ ಗರ್ಭಗೃಹದ ಮುಂದೆ ಏನು ಮಾಡಬೇಕೆಂದು ಮಕ್ಕಳು ಕೇಳುವುದುಂಟು. ಪಾದರಕ್ಷೆ ಹೊರಗೆ ಬಿಟ್ಟು, ಒಂದು ಬಾರಿ ಣಮೋಕಾರ ಮಂತ್ರ ಮನಸ್ಸಿನಲ್ಲಿ ಹೇಳಿ, ನೀರಿನ ಬಾಟಲಿಯನ್ನೂ ಕಸವನ್ನೂ ಚೀಲದಲ್ಲಿಟ್ಟುಕೊಂಡು ಬಂದರೆ ಸಾಕು. ನಂತರ ಹೊರಗೆ ಬಂದು ಲಲಾಟಬಿಂಬ ತೋರಿಸಿ, ಇದು ಯಾರ ಮನೆ ಎಂದು ಅವರನ್ನೇ ಕೇಳಬೇಕು. ಉತ್ತರ ಹೇಳಬಲ್ಲ ಮಗು ಇರುವವರೆಗೆ ಆ ಬಸದಿ ಹೆಸರಿಲ್ಲದ ಹಾಳು ಗುಡಿಯಾಗುವುದಿಲ್ಲ.