ಇಬ್ಬರಿಗೂ ಒಂದೇ ಓಲೆ

ಸಂಜೆಯಾದೊಡನೆ ಚಲಚ್ಚಿತ್ರ ನೋಡುವವರೆಲ್ಲ ಒಮ್ಮೆಗೇ ಅಂತರಜಾಲಕ್ಕೆ ಮುತ್ತಿಗೆ ಹಾಕುತ್ತಾರೆ. ನಡುರಾತ್ರಿ ಅದೇ ಮಾರ್ಗ ಬರಿದಾಗಿ ಬಿದ್ದಿರುತ್ತದೆ. ಆದುದರಿಂದ ಬಿಡುವಿನ ವೇಳೆಯಲ್ಲಿಯೇ ಕಡತಗಳನ್ನು ಬಳಕೆದಾರರ ಸಮೀಪದ ಸಂಗ್ರಹಗಳಲ್ಲಿ ತುಂಬಿಡುವುದು ಹಳೆಯ ಪದ್ಧತಿ. ಒಬ್ಬನ ಸಂಗ್ರಹದಿಂದ ಅವನಿಗಷ್ಟೇ ಲಾಭವೆಂದು ತೋರುವುದು ಸಹಜ. ಹಾಗಲ್ಲವೆಂಬುದನ್ನು 2012ರಲ್ಲಿ ಬೆಲ್ ಪ್ರಯೋಗಶಾಲೆಯ ಮದ್ದಾ-ಅಲಿ ಮತ್ತು ನೀಸೆನ್ ಎಂಬ ವಿದ್ವಾಂಸರು ತೋರಿಸಿಕೊಟ್ಟರು. ಗಣಿತವೆಂದರೆ ಪುಟ ಮಗುಚುವ ಸಹೋದ್ಯೋಗಿಗಳು ತುಸು ತಾಳಬೇಕು. ನಾಲ್ಕು ಅಂಕಿಗಳಲ್ಲಿ ವಿಷಯ ತಿಳಿಯುತ್ತದೆ.

'ಅ', 'ಬ' ಎಂಬ ಎರಡು ಕಡತಗಳಿವೆಯೆನ್ನೋಣ. ಎರಡರ ಮೊದಲ ಅರ್ಧಗಳನ್ನು ರಾಮನ ಬಳಿಯೂ ಎರಡನೆಯ ಅರ್ಧಗಳನ್ನು ರಹೀಮನ ಬಳಿಯೂ ರಾತ್ರಿಯೇ ಇಡುತ್ತೇವೆ. ಯಾರು ಯಾವುದನ್ನು ಕೇಳುವರೆಂದು ಆಗ ತಿಳಿಯದು. ಮರುದಿನ ಸಂಜೆ ರಾಮನು 'ಅ' ಕಡತವನ್ನೂ ರಹೀಮನು 'ಬ' ಕಡತವನ್ನೂ ಕೇಳುತ್ತಾರೆ. ರಾಮನಿಗೆ 'ಅ'ದ ಎರಡನೆಯ ಅರ್ಧ ಬೇಕು; ಅದು 1011 ಎಂದಿರಲಿ. ರಹೀಮನಿಗೆ 'ಬ'ದ ಮೊದಲ ಅರ್ಧ ಬೇಕು, ಅದು 0110. ಬೇರೆಬೇರೆ ಕಳುಹಿಸಿದರೆ ಒಂದು ಇಡೀ ಕಡತದ ಹೊರೆ. ಬದಲಾಗಿ ಎರಡನ್ನೂ ಬೆರೆಸೋಣ: ಅಂಕಿಗಳು ಒಂದೇ ಆದರೆ 0, ಬೇರೆಯಾದರೆ 1. ಬಂದ 1101ನ್ನು ಇಬ್ಬರಿಗೂ ಒಮ್ಮೆಗೇ ಕಳುಹಿಸಿದರಾಯಿತು. ರಾಮನು ತನ್ನಲ್ಲಿರುವ 0110ನ್ನು ಅದರೊಡನೆ ಅದೇ ನಿಯಮದಂತೆ ಬೆರೆಸಿದರೆ 1011 ದೊರೆಯುತ್ತದೆ. ರಹೀಮನು ತನ್ನ 1011ರಿಂದ 0110ನ್ನು ಪಡೆಯುತ್ತಾನೆ. ಹೊರೆ ಅರ್ಧಕ್ಕಿಳಿಯಿತು. ರಾಮನು ಕೇಳದೆ ಇದ್ದ ಕಡತದ ತುಂಡು ವ್ಯರ್ಥವೆಂದು ಕಂಡಿತ್ತಷ್ಟೆ, ಬೀಗದಕೈಯಾದುದು ಅದೇ.

ನಾವು ಇದನ್ನು ಕರಿಹಲಗೆಯ ಮೇಲೆ ತೋರಿಸಿದಾಗ ಹುಡುಗನೊಬ್ಬ, "ಇಬ್ಬರೂ ಒಂದೇ ಕಡತ ಕೇಳಿದರೇನು ಸಾರ್?" ಎಂದನು. ಪ್ರಶ್ನೆ ಉಚಿತವಾದುದೇ. ಆಗ ಆ ಕಡತದ ಎರಡು ಅರ್ಧಗಳನ್ನು ಬೆರೆಸಿ ಕಳುಹಿಸಬೇಕು, ಲಾಭ ಅಷ್ಟೇ.

ಮೂವತ್ತು ಬಳಕೆದಾರರು, ಮೂವತ್ತು ಕಡತಗಳು, ಪ್ರತಿಯೊಬ್ಬನಲ್ಲಿ ಹತ್ತು ಕಡತ ಹಿಡಿಯುವ ಸಂಗ್ರಹ ಎಂದಿಟ್ಟುಕೊಂಡರೆ ಬೆರಕೆಯಿಲ್ಲದೆ ಕಳುಹಿಸಬೇಕಾದ ಹೊರೆ 20 ಕಡತ. ಬೆರಕೆಯಿಂದ ಎರಡಕ್ಕೂ ಕಡಮೆ. ಒಂದೊಂದು ರವಾನೆಯೂ ಹನ್ನೊಂದು ಜನರಿಗೆ ಏಕಕಾಲದಲ್ಲಿ ಒದಗುತ್ತದೆ.

ಆದರೆ ಇಷ್ಟಕ್ಕೇ ಹಿಗ್ಗುವಂತಿಲ್ಲ. ಈ ಮೂವತ್ತು ಜನರಿಗಾಗಿ ಪ್ರತಿ ಕಡತವನ್ನು 3,00,45,015 ತುಂಡು ಮಾಡಬೇಕು. ಜನ, ಕಡತ, ಸಂಗ್ರಹ ಎಲ್ಲವೂ ಇಮ್ಮಡಿಯಾದರೆ ತುಂಡುಗಳ ಸಂಖ್ಯೆ 16 ಅಂಕಿಗಳಷ್ಟು ಬೆಳೆಯುತ್ತದೆ; ಅಷ್ಟು ತುಂಡಾಗುವ ಚಲಚ್ಚಿತ್ರ ಎಲ್ಲಿಂದ ತರುವುದು! ಮೇಲಾಗಿ ಎಲ್ಲರೂ ಒಂದೇ ಹೊತ್ತಿಗೆ ಕೇಳಬೇಕು. ಜನ ಹಾಗೆ ಕೇಳುವರೆಂಬುದು ನಮಗೆ ಸಂದೇಹವೇ. ಹೊರೆ ತುಸು ಹೆಚ್ಚಿದರೂ ಸರಿ, ತುಂಡುಗಳು ತೀರ ಕಡಮೆಯಾಗಲೆಂಬ ಯೋಜನೆಗಳನ್ನು ಅನಂತರ ಹಲವರು ರೂಪಿಸಿದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಈ ಕೆಲಸ ನಡೆದಿದೆ.